ವಾರದ ಸಭೆ, ವರುಷದ ವಿದ್ಯಾರ್ಥಿವೇತನ

ಕರ್ನಾಟಕದ ಅನೇಕ ಪಟ್ಟಣಗಳನ್ನು ಪ್ರವೇಶಿಸುವಾಗ ರಸ್ತೆಯ ಬದಿಯಲ್ಲಿ ಹಲ್ಲುಗಳುಳ್ಳ ಗಾಲಿಯ ಚಿತ್ರವಿರುವ ಫಲಕವೊಂದನ್ನು ನೀವು ಕಂಡಿರಬಹುದು. 24 ಹಲ್ಲು, 6 ಅರಗಳ ಈ ಗಾಲಿ ರೋಟರಿ ಸಂಸ್ಥೆಯ ಲಾಂಛನ. ಪೋಲಿಯೋ ಲಸಿಕೆ, ರಕ್ತದಾನ ಶಿಬಿರಗಳಿಂದ ಈ ಹೆಸರು ನಮಗೆಲ್ಲ ಪರಿಚಿತ. ಪತ್ರಿಕೆಗಳಲ್ಲಿ ಬರುವ ವಿದ್ಯಾರ್ಥಿವೇತನ ವಿತರಣೆಯ ಭಾವಚಿತ್ರವೂ ಅಷ್ಟೇ ಪರಿಚಿತ: ವೇದಿಕೆಯ ಮೇಲೆ ಗಣ್ಯರು, ನಡುವೆ ಒಬ್ಬ ವಿದ್ಯಾರ್ಥಿ, ಎಲ್ಲರ ಕೈಯೂ ಒಂದೇ ಚೆಕ್ಕಿನ ಮೇಲೆ. ಆ ಚೆಕ್ಕಿನ ಹಿಂದೆ ವಾರ ವಾರವೂ ಸೇರುವ ಸಾಧಾರಣವಾದ ಒಂದು ಸಭೆಯಿದೆ. ಆ ಸಭೆ ನಡೆಯುವ ಬಗೆ ಏನು, ಅಲ್ಲಿಂದ ಹೊರಟ ಹಣ ಮಕ್ಕಳನ್ನು ಯಾವಾಗ ತಲುಪಿದರೆ ಸಾರ್ಥಕ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ರೋಟರಿಯ ಹುಟ್ಟು 1905ರ ಫೆಬ್ರವರಿ 23ರಂದು, ಅಮೆರಿಕದ ಶಿಕಾಗೋ ನಗರದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಡನೆ ಒಂದು ಕಚೇರಿಯಲ್ಲಿ ಸೇರಿದರು. ಆ ಮೂವರಲ್ಲಿ ಒಬ್ಬರು ಗಣಿ ಎಂಜಿನಿಯರ್, ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಇನ್ನೊಬ್ಬರು ಉಡುಪು ಹೊಲಿಸಿ ಮಾರುವವರು. ಮುಂದಿನ ಸಭೆಗಳು ಸರದಿಯ ಮೇಲೆ ಒಬ್ಬೊಬ್ಬ ಸದಸ್ಯರ ಕಚೇರಿಯಲ್ಲಿ ನಡೆದವು. ಹೀಗೆ ಸುತ್ತುತ್ತಾ ಬಂದದ್ದರಿಂದಲೇ ‘ರೋಟರಿ’ ಎಂಬ ಹೆಸರು. ಭಾರತದಲ್ಲಿ ಮೊದಲ ಕ್ಲಬ್ಬು ಕಲ್ಕತ್ತೆಯಲ್ಲಿ 1919ರಲ್ಲಿ ರೂಪುಗೊಂಡಿತು. ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆದದ್ದು ಮಾತ್ರ ಬಹಳ ತಡವಾಗಿ, 1989ರಲ್ಲಿ.

ಸಭೆಯ ಕ್ರಮ ಎಲ್ಲ ಊರುಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ. ಗೊತ್ತಾದ ವಾರ, ಗೊತ್ತಾದ ವೇಳೆಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಆ ವಾರ ಹುಟ್ಟುಹಬ್ಬ ಅಥವಾ ವಿವಾಹ ವಾರ್ಷಿಕೋತ್ಸವ ಇರುವ ಸದಸ್ಯರಿಗೆ ಶುಭಾಶಯ, ಕಾರ್ಯದರ್ಶಿಯ ಪ್ರಕಟಣೆಗಳು ಒಂದಾದ ಮೇಲೊಂದು ಬರುತ್ತವೆ. ನಂತರ ಅತಿಥಿಗಳ ಭಾಷಣ, ಪ್ರಶ್ನೋತ್ತರ, ವಂದನಾರ್ಪಣೆ. ಮತ್ತೆ ಗಂಟೆ ಬಾರಿಸಿದರೆ ಸಭೆ ಮುಗಿಯಿತು. 2016ರಲ್ಲಿ ನಿಯಮವನ್ನು ಸಡಿಲಿಸಿ, ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೂ ಸಾಕು ಎಂದು ಮಾಡಲಾಯಿತು. ಆದರೂ ವಾರದ ಸಭೆಯ ಪರಿಪಾಠವನ್ನು ಬಿಡದ ಕ್ಲಬ್ಬುಗಳು ಉಂಟು.

ಹೊರಗಿನಿಂದ ನೋಡುವವರಿಗೆ ಇದೆಲ್ಲ ಬರೀ ಶಿಷ್ಟಾಚಾರವೆನಿಸಬಹುದು. ಆದರೆ ಈ ಕ್ರಮಬದ್ಧತೆಯಲ್ಲಿಯೇ ಶಕ್ತಿ ಅಡಗಿದೆ. ಒಂದು ಚಿಕ್ಕ ಲೆಕ್ಕ ಮಾಡಿ ನೋಡಿ. 40 ಮಂದಿ ಸದಸ್ಯರು ವಾರಕ್ಕೆ 50 ರೂಪಾಯಿಯಂತೆ 50 ವಾರ ತೆಗೆದಿಟ್ಟರೆ ವರುಷಕ್ಕೆ ಒಂದು ಲಕ್ಷ ರೂಪಾಯಿ. ಅದರಿಂದ 10 ಮಕ್ಕಳಿಗೆ ತಲಾ 10,000 ರೂಪಾಯಿ ಕೊಡಬಹುದು. ಯಾರೊಬ್ಬರಿಗೂ ಹೊರೆಯಾಗುವುದಿಲ್ಲ, ದೊಡ್ಡ ದಾನಿಗಾಗಿ ಕಾಯಬೇಕಾಗಿಯೂ ಇಲ್ಲ. ಹನಿಗೂಡಿದರೆ ಹಳ್ಳವೆಂಬ ಮಾತಿಗೆ ಸಂಸ್ಥೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಸತ್ಕಾರ್ಯಗಳಿಗಾಗಿ ಒಂದು ನಿಧಿ ಇರಬೇಕೆಂದು ಅಂದಿನ ಅಧ್ಯಕ್ಷ ಆರ್ಚ್ ಕ್ಲಂಫ್ 1917ರಲ್ಲಿ ಸೂಚಿಸಿದರು. ಅದಕ್ಕೆ ಬಂದ ಮೊದಲ ಕಾಣಿಕೆ ಕೇವಲ 26 ಡಾಲರ್ 50 ಸೆಂಟ್. ಆ ನಿಧಿಯೇ ಬೆಳೆದು ರೋಟರಿ ಫೌಂಡೇಶನ್ ಆಯಿತು. 1947ರ ಜನವರಿಯಲ್ಲಿ ಹ್ಯಾರಿಸ್ ತೀರಿಕೊಂಡಾಗ ಅವರ ಸ್ಮರಣೆಗೆಂದು ಹಣ ಹರಿದು ಬಂತು. ಅದೇ ವರುಷ 18 ಮಂದಿ ವಿದ್ಯಾರ್ಥಿಗಳಿಗೆ ವಿದೇಶ ವ್ಯಾಸಂಗದ ವೇತನ ದೊರೆಯಿತು. ಇಂದಿಗೂ ಫೌಂಡೇಶನ್ನಿನ ನೆರವಿನಿಂದ ವಿದೇಶದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವವರಿದ್ದಾರೆ. ಊರಿನ ಕ್ಲಬ್ಬು ತನ್ನ ಸದಸ್ಯರಿಂದ ಕೂಡಿಸಿ ಕೊಡುವ ವೇತನ ಅದಕ್ಕಿಂತ ಬೇರೆ. ನಮ್ಮ ಚರ್ಚೆ ಈ ಎರಡನೆಯದನ್ನು ಕುರಿತದ್ದು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಂದೇ ವೇದಿಕೆಯಲ್ಲಿ ನಡೆಯುವುದರಿಂದ ‘ಪ್ರತಿಭಾ ಪುರಸ್ಕಾರ’ ಮತ್ತು ‘ವಿದ್ಯಾರ್ಥಿವೇತನ’ ಎರಡೂ ಒಂದೇ ಎಂದು ಹಲವರು ಭಾವಿಸುತ್ತಾರೆ. ಪುರಸ್ಕಾರ ಮುಗಿದ ಪರೀಕ್ಷೆಗೆ ಸಲ್ಲುವ ಗೌರವ. ವೇತನ ಮುಂದಿನ ಓದಿಗೆ ಕೊಡುವ ಆಧಾರ. ಶೇಕಡಾ 95 ಅಂಕ ಪಡೆದ ವೈದ್ಯರ ಮಗಳಿಗೆ ಹಾರ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಿಗ್ಗೆ ಮನೆ ಮನೆಗೆ ಹಾಲು ಹಾಕಿ ಬಂದು ಶೇಕಡಾ 68 ಅಂಕ ಗಳಿಸಿದ ಹುಡುಗನಿಗೆ ಬೇಕಾದದ್ದು ಕಾಲೇಜಿನ ಶುಲ್ಕ. ಅಂಕಪಟ್ಟಿಯೊಂದನ್ನೇ ಅಳತೆಗೋಲಾಗಿ ಹಿಡಿದರೆ ಆ ಹುಡುಗ ಪಟ್ಟಿಯಿಂದ ಹೊರಗುಳಿಯುತ್ತಾನೆ.

ಎರಡನೆಯ ವಿಚಾರ ಕಾಲಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ. ಅದರ ಬೆನ್ನಿಗೇ ಪಿಯುಸಿ ಪ್ರವೇಶ, ಶುಲ್ಕ, ಪುಸ್ತಕ, ಬಸ್ ಪಾಸು. ರೋಟರಿಯ ವರುಷ ಆರಂಭವಾಗುವುದು ಜುಲೈ 1ರಂದು. ಹೊಸ ಅಧ್ಯಕ್ಷರ ಪದಗ್ರಹಣವಾಗಿ, ಸಮಿತಿ ರಚನೆಯಾಗಿ, ಮುಖ್ಯ ಅತಿಥಿಗಳು ದಿನ ಕೊಟ್ಟು ಸಮಾರಂಭ ನಡೆಯುವಷ್ಟರಲ್ಲಿ ಆಗಸ್ಟೋ ಸೆಪ್ಟೆಂಬರೋ ಆಗಿರುತ್ತದೆ. ಅಷ್ಟರೊಳಗೆ ತಂದೆ ಕೈಸಾಲ ಮಾಡಿರುತ್ತಾರೆ, ಇಲ್ಲವೇ ತಾಯಿಯ ಓಲೆ ಅಡವಿಗೆ ಹೋಗಿರುತ್ತದೆ. ಎರಡೂ ಆಗದ ಮನೆಯಲ್ಲಿ ಮಗು ಅಂಗಡಿ ಕೆಲಸಕ್ಕೆ ಸೇರಿರುತ್ತದೆ. ಜೂನ್‌ನಲ್ಲಿ ಬಂದ 5,000 ರೂಪಾಯಿ ಒಂದು ಓದನ್ನು ಉಳಿಸಬಲ್ಲದು. ಸೆಪ್ಟೆಂಬರಿನಲ್ಲಿ ಬಂದ 10,000 ರೂಪಾಯಿಗೆ ಆ ಶಕ್ತಿ ಇರಲಾರದು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮುಂದಿನ ಅಧ್ಯಕ್ಷರು ಯಾರೆಂಬುದು ಕ್ಲಬ್ಬಿನಲ್ಲಿ ಬಹಳ ಮೊದಲೇ ತೀರ್ಮಾನವಾಗಿರುತ್ತದೆ. ಇಳಿಯುವವರೂ ಏರುವವರೂ ಏಪ್ರಿಲ್ ತಿಂಗಳ ಒಂದು ಸಭೆಯಲ್ಲಿ ಜೊತೆಗೆ ಕುಳಿತು ಹಣವನ್ನು ಬೇರೆ ಇಟ್ಟು, ಮೇ ತಿಂಗಳಲ್ಲಿ ಅರ್ಜಿ ನೋಡಿ, ಜೂನ್‌ನಲ್ಲಿ ಶುಲ್ಕವನ್ನು ಕಾಲೇಜಿಗೋ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೋ ಕಟ್ಟಿಬಿಡಬಹುದು. ಸಮಾರಂಭ ಅದರ ಪಾಡಿಗೆ ಆಗಸ್ಟಿನಲ್ಲಿ ನಡೆಯಲಿ.

ಸಮಾರಂಭದ ಬಗ್ಗೆಯೂ ಒಂದು ಮಾತು. ನಾವು ದೂರದರ್ಶನದವರು ಕ್ಯಾಮೆರಾ ಹಿಡಿದು ಹೋದಾಗ ಚೆಕ್ಕು ಕಾಣಬೇಕು, ಮುಖ ಕಾಣಬೇಕು ಎಂದು ಬಯಸುವುದು ಸಹಜ. ಆದರೆ ನಿರೂಪಕರು ‘ಇವರ ತಂದೆ ಕೂಲಿ ಮಾಡುತ್ತಾರೆ’ ಎಂದು ಧ್ವನಿವರ್ಧಕದಲ್ಲಿ ಸಾರಿದಾಗ ಹದಿನಾರರ ಹುಡುಗಿಯ ತಲೆ ಬಾಗುವುದನ್ನೂ ಕ್ಯಾಮೆರಾ ನೋಡುತ್ತದೆ. ಮನೆಯ ಸ್ಥಿತಿಗತಿ ಸಮಿತಿಯ ಕಡತದಲ್ಲಿದ್ದರೆ ಸಾಕು. ವೇದಿಕೆಯ ಮೇಲೆ ಅವಳ ಹೆಸರು, ಅವಳು ಓದಲಿರುವ ವಿಷಯ ಇಷ್ಟನ್ನು ಹೇಳಿದರೆ ಸಾಲದೇ? ಹರ್ಬರ್ಟ್ ಟೇಲರ್ ಎಂಬ ಉದ್ಯಮಿ 1932ರಲ್ಲಿ ರೂಪಿಸಿದ ನಾಲ್ಕು ಪ್ರಶ್ನೆಗಳ ಪರೀಕ್ಷೆಯೊಂದನ್ನು ರೋಟರಿ ತನ್ನದಾಗಿಸಿಕೊಂಡಿದೆ. ಸತ್ಯ, ನ್ಯಾಯ, ಸೌಹಾರ್ದ, ಸರ್ವರ ಹಿತ ಇವೇ ಅದರ ತಿರುಳು. ಕೊಡುವವರಷ್ಟೇ ಪಡೆಯುವವರ ಮನಸ್ಸಿಗೂ ಈ ಅಳತೆ ಅನ್ವಯಿಸಬೇಕು.

ಓದುಗರಲ್ಲಿ ಶಿಕ್ಷಕರಿದ್ದರೆ, ಅರ್ಹ ಮಕ್ಕಳ ಹೆಸರನ್ನು ಫಲಿತಾಂಶಕ್ಕೆ ಮೊದಲೇ ನಿಮ್ಮ ಊರಿನ ಕ್ಲಬ್ಬಿನ ಕಾರ್ಯದರ್ಶಿಗೆ ತಿಳಿಸಿ. ರೋಟರಿ ಇಲ್ಲದ ಊರಿನಲ್ಲಿ ಲಯನ್ಸ್ ಕ್ಲಬ್ಬೋ ಇಂಥದೇ ಬೇರೆ ಸೇವಾಸಂಸ್ಥೆಯೋ ಇರಬಹುದು. ಪೋಷಕರು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ, ಕೇಳಲು ಸಂಕೋಚಪಡಬೇಡಿ. ನೀವೇ ಸದಸ್ಯರಾಗಿದ್ದರೆ, ಮುಂದಿನ ವಾರದ ಸಭೆಯಲ್ಲಿ ಕಾರ್ಯದರ್ಶಿಯನ್ನು ಒಂದು ಪ್ರಶ್ನೆ ಕೇಳಿ: ಹೋದ ವರುಷ ನಾವು ವೇತನ ಕೊಟ್ಟ ಮಕ್ಕಳಲ್ಲಿ ಎಷ್ಟು ಮಂದಿ ಈಗಲೂ ಓದುತ್ತಿದ್ದಾರೆ? ಅದಕ್ಕೆ ಉತ್ತರ ಹೆಸರು ಹೆಸರಾಗಿ ಬಂದರೆ ಆ ಕ್ಲಬ್ಬಿನ ಗಾಲಿ ಸರಿಯಾಗಿ ತಿರುಗುತ್ತಿದೆ ಎಂದು ತಿಳಿಯಬಹುದು.