ಗೃಹಸಾಲದ ಬಾಕಿ: ಬ್ಯಾಂಕ್ ಮುಖ್ಯಸ್ಥರನ್ನು ಐರ್ಲೆಂಡ್ ಸಂಸತ್ತು ಪ್ರಶ್ನಿಸಿದಾಗ ಹೊರಬಿದ್ದಿದ್ದೇನು?

ಗೃಹಸಾಲದ ಕಂತು ಕಟ್ಟಲಾಗದ ಕುಟುಂಬವೊಂದಕ್ಕೆ ಬ್ಯಾಂಕಿನಿಂದ ಪತ್ರ ಬರುತ್ತದೆ. ಬಾಕಿ ತೀರಿಸದಿದ್ದರೆ ಕೋರ್ಟಿಗೆ ಹೋಗುತ್ತೇವೆ ಎಂಬ ಎಚ್ಚರಿಕೆ ಅದರಲ್ಲಿದೆ. ಮನೆಯವರಿಗೆ ಅದು ನಿದ್ದೆಗೆಡಿಸುವ ಪತ್ರ. ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಅದು ಆ ಸಾಲಕ್ಕೆ ಸೂಚಿಸಿದ 'ಪರಿಹಾರ'!

2013ರ ಸೆಪ್ಟೆಂಬರ್‌ನಲ್ಲಿ ಐರ್ಲೆಂಡ್‌ನ ದೊಡ್ಡ ಬ್ಯಾಂಕ್‌ಗಳ ಮುಖ್ಯಸ್ಥರು ಸಂಸತ್ತಿನ ಹಣಕಾಸು ಸಮಿತಿಯ ಮುಂದೆ ಹಾಜರಾದಾಗ ಹೊರಬಿದ್ದ ಸಂಗತಿ ಇದು. ಸಾಲ ಬಾಕಿ ಉಳಿಸಿಕೊಂಡವರನ್ನು ಬ್ಯಾಂಕ್‌ಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದನ್ನು ಸಂಸತ್ತು ಪರಿಶೀಲಿಸಿದರೆ ಏನು ಪ್ರಯೋಜನ? ಅದರ ಮಿತಿ ಏನು? ಇಎಂಐ ಕಟ್ಟುತ್ತಿರುವ ನಮ್ಮವರೂ ತಿಳಿಯಬೇಕಾದ ಪಾಠ ಇದರಲ್ಲಿದೆ.

ಬಾಕಿ ಬೆಟ್ಟದಷ್ಟಾಗಿದ್ದು ಹೇಗೆ?

2000ದ ದಶಕದಲ್ಲಿ ಐರ್ಲೆಂಡ್‌ನಲ್ಲಿ ಮನೆಗಳ ಬೆಲೆ ಒಂದೇ ಸಮನೆ ಏರಿತು. ಮನೆಯ ಪೂರ್ತಿ ಬೆಲೆಯನ್ನೇ ಸಾಲವಾಗಿ ಕೊಡಲು ಕೆಲವು ಬ್ಯಾಂಕ್‌ಗಳು ಮುಂದಾದವು. 2008ರಲ್ಲಿ ಗುಳ್ಳೆ ಒಡೆಯಿತು. 2007ರ ಗರಿಷ್ಠ ಮಟ್ಟಕ್ಕೆ ಹೋಲಿಸಿದರೆ ಮನೆಗಳ ಬೆಲೆ ಮುಂದಿನ ಐದಾರು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. 2012ರ ಹೊತ್ತಿಗೆ ನಿರುದ್ಯೋಗ ಶೇ. 15ರ ಆಸುಪಾಸಿಗೆ ಬಂದಿತ್ತು.

ಕೆಲಸ ಹೋದವರಿಗೆ ಕಂತು ಕಟ್ಟಲಾಗಲಿಲ್ಲ. ಮನೆ ಮಾರಿ ಸಾಲ ತೀರಿಸೋಣವೆಂದರೆ ಅದೂ ಆಗದು. ಉದಾಹರಣೆಗೆ, 3 ಲಕ್ಷ ಯುರೋ ಸಾಲವಿದ್ದ ಮನೆ ಈಗ 1.6 ಲಕ್ಷಕ್ಕೆ ಮಾತ್ರ ಹೋಗುತ್ತದೆ ಎಂದುಕೊಳ್ಳಿ. ಮಾರಿದರೆ ಮನೆಯೂ ಇಲ್ಲ, ಉಳಿದ 1.4 ಲಕ್ಷದ ಸಾಲವೂ ತಲೆಯ ಮೇಲೆಯೇ ಇರುತ್ತದೆ. 2013ರ ಸೆಪ್ಟೆಂಬರ್ ಅಂತ್ಯಕ್ಕೆ, ಸ್ವಂತ ವಾಸದ ಮನೆಗೆ ಪಡೆದ ಸಾಲಗಳ ಪೈಕಿ 99 ಸಾವಿರಕ್ಕೂ ಹೆಚ್ಚು ಖಾತೆಗಳು 90 ದಿನ ಮೀರಿ ಬಾಕಿ ಬಿದ್ದಿದ್ದವು. ಅಂದರೆ ಶೇ. 12.9. ಸರಿಸುಮಾರು ಎಂಟು ಸಾಲಗಳಲ್ಲಿ ಒಂದು.

ಸಂಸತ್ತು ಕೇಳಿದ್ದೇಕೆ?

ಸಾಲ ಎನ್ನುವುದು ಬ್ಯಾಂಕು ಮತ್ತು ಗ್ರಾಹಕರ ನಡುವಿನ ವ್ಯವಹಾರ, ಅದರಲ್ಲಿ ಸಂಸದರಿಗೇನು ಕೆಲಸ ಎಂದು ಕೇಳಬಹುದು. ಐರ್ಲೆಂಡ್‌ನಲ್ಲಿ ಉತ್ತರ ಸ್ಪಷ್ಟವಾಗಿತ್ತು. ಮುಳುಗುತ್ತಿದ್ದ ಬ್ಯಾಂಕ್‌ಗಳಿಗೆ ಸರ್ಕಾರ ಸುಮಾರು 64 ಬಿಲಿಯನ್ ಯುರೋ ಸುರಿದಿತ್ತು. ಅಲೈಡ್ ಐರಿಷ್ ಬ್ಯಾಂಕ್ಸ್ ಮತ್ತು ಪರ್ಮನೆಂಟ್ ಟಿಎಸ್‌ಬಿ ಬ್ಯಾಂಕ್‌ಗಳಲ್ಲಿ ಶೇ. 99ಕ್ಕೂ ಹೆಚ್ಚು ಪಾಲು ಸರ್ಕಾರದ್ದಾಗಿತ್ತು. ಬ್ಯಾಂಕ್ ಆಫ್ ಐರ್ಲೆಂಡ್‌ನಲ್ಲೂ ಪಾಲಿತ್ತು. 2010ರಲ್ಲಿ ದೇಶವೇ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ನೆರವಿಗಾಗಿ ಕೈಚಾಚಬೇಕಾಯಿತು.

ಬ್ಯಾಂಕ್ ಉಳಿಸಲು ತೆರಿಗೆ ಕಟ್ಟಿದವರೂ ಅದೇ ಜನ, ಮನೆ ಕಳೆದುಕೊಳ್ಳುವ ಭಯದಲ್ಲಿದ್ದವರೂ ಅದೇ ಜನ. ಹಾಗಾಗಿ ಪ್ರಶ್ನೆ ಕೇಳುವ ಹಕ್ಕು ಸಂಸತ್ತಿಗಿತ್ತು.

ನಿಯಮ ಇರಲಿಲ್ಲವೇ?

ಇತ್ತು. 2009ರಲ್ಲಿಯೇ ಗೃಹಸಾಲದ ಬಾಕಿಗೆ ಸಂಬಂಧಿಸಿ ನೀತಿಸಂಹಿತೆ ಜಾರಿಯಾಗಿ, ಆಮೇಲೆ ಹಲವು ಬಾರಿ ಪರಿಷ್ಕರಣೆಗೊಂಡಿತು. ಅದರ ಪ್ರಕಾರ ಬ್ಯಾಂಕು ಮೊದಲು ಗ್ರಾಹಕರನ್ನು ಸಂಪರ್ಕಿಸಬೇಕು. ಒಂದು ನಿಗದಿತ ನಮೂನೆಯಲ್ಲಿ ಅವರ ಆದಾಯ, ಖರ್ಚು, ಸಾಲಗಳ ವಿವರ ಪಡೆಯಬೇಕು. ಸಾಲದ ಅವಧಿ ಹೆಚ್ಚಿಸುವುದು, ಕೆಲಕಾಲ ಬಡ್ಡಿ ಮಾತ್ರ ಕಟ್ಟಿಸಿಕೊಳ್ಳುವುದು, ಸಾಲದ ಒಂದು ಭಾಗವನ್ನು ಬದಿಗಿಡುವುದು ಮುಂತಾದ ದಾರಿಗಳನ್ನು ಪರಿಶೀಲಿಸಬೇಕು. ಬ್ಯಾಂಕಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿರಬೇಕು. ಸಹಕರಿಸುವ ಗ್ರಾಹಕರ ವಿಚಾರದಲ್ಲಿ ಇಷ್ಟೆಲ್ಲ ಆದ ಮೇಲೆಯೇ ಕೋರ್ಟಿನ ಮಾತು.

ಆದರೂ ಬಾಕಿ ಕರಗಲಿಲ್ಲ. ಬ್ಯಾಂಕ್‌ಗಳು ಹೆಚ್ಚಾಗಿ ತಾತ್ಕಾಲಿಕ ವಿನಾಯಿತಿ ಕೊಟ್ಟು ದಿನ ದೂಡುತ್ತಿದ್ದವು. ಆಗ ಕೇಂದ್ರೀಯ ಬ್ಯಾಂಕ್ ಮಧ್ಯಪ್ರವೇಶಿಸಿತು. 90 ದಿನ ಮೀರಿದ ಬಾಕಿಯಲ್ಲಿ ಶೇ. 20ರಷ್ಟು ಖಾತೆಗಳಿಗೆ 2013ರ ಜೂನ್ ಒಳಗೆ, ಶೇ. 30ಕ್ಕೆ ಸೆಪ್ಟೆಂಬರ್ ಒಳಗೆ, ಶೇ. 50ಕ್ಕೆ ಡಿಸೆಂಬರ್ ಒಳಗೆ 'ಬಾಳಿಕೆ ಬರುವ ಪರಿಹಾರ' ಸೂಚಿಸಬೇಕು ಎಂದು ಆ ವರ್ಷದ ಮಾರ್ಚ್‌ನಲ್ಲಿ ಆರು ಬ್ಯಾಂಕ್‌ಗಳಿಗೆ ಗುರಿ ನೀಡಿತು.

ಎಚ್ಚರಿಕೆ ಪತ್ರವೂ ಪರಿಹಾರವೇ?

ಮೊದಲ ಗುರಿ ತಲುಪಿದ್ದೇವೆ ಎಂದು ಬ್ಯಾಂಕ್‌ಗಳು ವರದಿ ಮಾಡಿದವು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಹಣಕಾಸು ಸಮಿತಿಯ ಸದಸ್ಯರು ಅಲ್ಲಿಗೇ ಬಿಡಲಿಲ್ಲ. ಎಷ್ಟು ಪರಿಹಾರ ಕೊಟ್ಟಿರಿ ಎಂದು ಕೇಳಿದ ಮೇಲೆ, ಯಾವ ಯಾವುದನ್ನು ಪರಿಹಾರ ಎಂದು ಎಣಿಸಿದಿರಿ ಎಂದೂ ಕೇಳಿದರು. ಕಾನೂನು ಕ್ರಮದ ಎಚ್ಚರಿಕೆ ನೀಡುವ ಪತ್ರಗಳ ದೊಡ್ಡ ಪಾಲೇ ಆ ಲೆಕ್ಕದಲ್ಲಿದೆ ಎಂಬುದು ಆಗ ಬಯಲಾಯಿತು.

ಇದು ಸುಳ್ಳು ಲೆಕ್ಕವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸಾಲ ಯಾವ ರೀತಿಯಲ್ಲೂ ತೀರುವಂತಿಲ್ಲದಿದ್ದರೆ ಮನೆ ಮಾರಾಟ ಅಥವಾ ಸ್ವಾಧೀನವನ್ನೂ ಪರಿಹಾರವೆಂದು ಎಣಿಸಲು ನಿಯಮದಲ್ಲೇ ಅವಕಾಶವಿತ್ತು. ಬ್ಯಾಂಕ್‌ಗಳು ತಮ್ಮ ವಾದವನ್ನೂ ಮಂಡಿಸಿದವು. ಶಕ್ತಿಯಿದ್ದೂ ಕಂತು ಕಟ್ಟದವರಿದ್ದಾರೆ, ಪತ್ರಕ್ಕೆ, ಫೋನಿಗೆ ಉತ್ತರವನ್ನೇ ಕೊಡದವರಿದ್ದಾರೆ, ಅಂಥವರನ್ನು ಮಾತುಕತೆಗೆ ಕರೆತರಲು ಇಂಥ ಪತ್ರ ಬೇಕಾಗುತ್ತದೆ ಎಂಬುದು ಅವುಗಳ ವಾದ.

ವಾದದಲ್ಲಿ ಸತ್ಯಾಂಶ ಇರಬಹುದು. ಆದರೆ ಕಂತು ಇಳಿಸಿಕೊಂಡು ಮನೆ ಉಳಿಸಿಕೊಂಡ ಕುಟುಂಬ ಮತ್ತು ಕೋರ್ಟಿನ ಹೆದರಿಕೆಯ ಪತ್ರ ಪಡೆದ ಕುಟುಂಬ ಒಂದೇ ಅಂಕಿಯಲ್ಲಿ ಸೇರಿಹೋದರೆ, ಆ ಅಂಕಿಯಿಂದ ನಿಜಸ್ಥಿತಿ ತಿಳಿಯುವುದಿಲ್ಲ. ಕೇಂದ್ರೀಯ ಬ್ಯಾಂಕಿನ ನಂತರದ ಗುರಿಗಳಲ್ಲಿ, ಎಷ್ಟು ಒಪ್ಪಂದಗಳು ಅಂತಿಮಗೊಂಡವು, ಹೊಸ ಷರತ್ತಿನಂತೆ ಎಷ್ಟು ಮಂದಿ ಕಂತು ಕಟ್ಟುತ್ತಿದ್ದಾರೆ ಎಂಬುದೂ ಲೆಕ್ಕಕ್ಕೆ ಬಂತು.

ಬಾಕಿಗೆ ಬ್ಯಾಂಕೇ ಕಾರಣವಾದಾಗ

ಅದೇ ಸಮಿತಿ 2017ರಲ್ಲಿ ಇನ್ನೊಂದು ದೊಡ್ಡ ಪ್ರಕರಣವನ್ನು ಕೈಗೆತ್ತಿಕೊಂಡಿತು. ಐರ್ಲೆಂಡ್‌ನಲ್ಲಿ 'ಟ್ರ್ಯಾಕರ್' ಎಂಬ ಗೃಹಸಾಲವಿದೆ. ನಮ್ಮ ರೆಪೊ ದರಕ್ಕೆ ಜೋಡಿಸಿದ ಸಾಲದಂತೆ ಅದರ ಬಡ್ಡಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರದೊಂದಿಗೆ ಏರಿಳಿಯುತ್ತದೆ. 2008ರ ನಂತರ ಆ ದರ ಪಾತಾಳಕ್ಕಿಳಿದಾಗ ಈ ಸಾಲ ಗ್ರಾಹಕರಿಗೆ ಲಾಭ, ಬ್ಯಾಂಕ್‌ಗಳಿಗೆ ನಷ್ಟ. ಸ್ವಲ್ಪ ಕಾಲ ನಿಗದಿತ ಬಡ್ಡಿಗೆ ಹೋಗಿದ್ದವರು ಒಪ್ಪಂದದಂತೆ ಮತ್ತೆ ಟ್ರ್ಯಾಕರ್‌ಗೆ ಮರಳಲು ಬಂದಾಗ, ಹಲವು ಬ್ಯಾಂಕ್‌ಗಳು ಆ ಹಕ್ಕನ್ನು ನಿರಾಕರಿಸಿದ್ದವು. ಕೆಲವರಿಗೆ ತಪ್ಪು ದರ ಹಾಕಿದ್ದವು.

ಹೆಚ್ಚುವರಿ ಬಡ್ಡಿಯ ಭಾರಕ್ಕೆ ಕೆಲವರು ಸುಸ್ತಿದಾರರಾದರು, ಕೆಲವರು ಮನೆಯನ್ನೇ ಕಳೆದುಕೊಂಡರು. 2017ರ ಅಕ್ಟೋಬರ್‌ನಲ್ಲಿ ಸಂತ್ರಸ್ತರೇ ಸಮಿತಿಯ ಮುಂದೆ ಕುಳಿತು ತಮ್ಮ ಕಥೆ ಹೇಳಿದರು. ಅಲ್ಲಿಯವರೆಗೆ ಕಡತದಲ್ಲಿದ್ದ ವಿಷಯ ದೇಶದ ಮನೆಮನೆಯ ಮಾತಾಯಿತು. ಅದೇ ತಿಂಗಳು ಹಣಕಾಸು ಸಚಿವರು ಬ್ಯಾಂಕ್ ಮುಖ್ಯಸ್ಥರನ್ನು ಕರೆಸಿಕೊಂಡರು. ಕೇಂದ್ರೀಯ ಬ್ಯಾಂಕ್ 2015ರಲ್ಲಿ ಆರಂಭಿಸಿದ್ದ ತನಿಖೆ 2019ರಲ್ಲಿ ಮುಗಿದಾಗ, ತೊಂದರೆಗೊಳಗಾದವರು 40 ಸಾವಿರಕ್ಕೂ ಹೆಚ್ಚು ಎಂದು ಗೊತ್ತಾಯಿತು. ಬ್ಯಾಂಕ್‌ಗಳು ಮರಳಿಸಿದ ಹಣ ಮತ್ತು ಪರಿಹಾರ ಸೇರಿ ಅಷ್ಟರಲ್ಲಿ 68 ಕೋಟಿ ಯುರೋ ದಾಟಿತ್ತು. ಬ್ಯಾಂಕ್ ಆಫ್ ಐರ್ಲೆಂಡ್ ಒಂದಕ್ಕೇ 2022ರಲ್ಲಿ 10 ಕೋಟಿ ಯುರೋಗೂ ಹೆಚ್ಚು ದಂಡ ಬಿತ್ತು.

ಕಂತು ತಪ್ಪಿದಾಕ್ಷಣ ತಪ್ಪು ಸಾಲಗಾರರದ್ದೇ ಎಂದು ನಿರ್ಧರಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಸಮಿತಿಯಿಂದ ಆಗದ್ದೇನು?

ಸಂಸದೀಯ ಸಮಿತಿ ಕೋರ್ಟಲ್ಲ. ಒಬ್ಬರ ಸಾಲವನ್ನು ಮನ್ನಾ ಮಾಡಲು, ಮನೆ ಮರಳಿಸಲು ಅದಕ್ಕೆ ಸಾಧ್ಯವಿಲ್ಲ. ದಂಡ ವಿಧಿಸುವುದು ಕೇಂದ್ರೀಯ ಬ್ಯಾಂಕಿನ ಕೆಲಸ. ಸಮಿತಿಗಳ ತನಿಖಾ ಅಧಿಕಾರ ಹೆಚ್ಚಿಸಲು 2011ರಲ್ಲಿ ನಡೆದ ಜನಮತಗಣನೆಯಲ್ಲಿ ಐರ್ಲೆಂಡ್ ಜನರೇ ಬೇಡ ಎಂದಿದ್ದರು. ಮುಂದೆ ಬ್ಯಾಂಕ್‌ಗಳು ಬಾಕಿ ಸಾಲಗಳನ್ನು ಹೂಡಿಕೆ ಸಂಸ್ಥೆಗಳಿಗೆ ಮಾರಿದಾಗಲೂ ಸಮಿತಿಗೆ ಅದನ್ನು ತಡೆಯಲಾಗಲಿಲ್ಲ. ಜನರು 'ರಣಹದ್ದು ನಿಧಿಗಳು' ಎಂದು ಕರೆದ ಈ ಸಂಸ್ಥೆಗಳನ್ನು ನಿಯಂತ್ರಣದಡಿ ತರಲು 2018ರಲ್ಲಿ ಕಾನೂನು ಬಂತು.

ನಮ್ಮಲ್ಲಿ ಹೇಗೆ?

ಭಾರತದಲ್ಲೂ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ ಇದೆ. ಆದರೆ ಅದರ ಸಭೆಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ವರದಿ ಮಾತ್ರ ಸಂಸತ್ತಿನಲ್ಲಿ ಮಂಡನೆಯಾಗುತ್ತದೆ. ಐರ್ಲೆಂಡ್‌ನಲ್ಲಿ ಬ್ಯಾಂಕ್ ಮುಖ್ಯಸ್ಥರ ಉತ್ತರವನ್ನು ಸಾಲಗಾರರು ಮನೆಯಲ್ಲಿ ಕುಳಿತೇ ನೋಡಬಹುದಿತ್ತು. ನಮ್ಮಲ್ಲಿ ಈ ವಿಷಯ ಸಾರ್ವಜನಿಕವಾಗಿ ಕೇಳಿಸುವುದು ಹೆಚ್ಚಾಗಿ ಪ್ರಶ್ನೋತ್ತರ ವೇಳೆಯಲ್ಲಿ. ಸಾಲ ವಸೂಲಿಯಲ್ಲಿ ನಿರ್ದಯ ಕ್ರಮ ಬೇಡ, ಮಾನವೀಯತೆ ಇರಲಿ ಎಂದು ಬ್ಯಾಂಕ್‌ಗಳಿಗೆ ಸೂಚಿಸಿರುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2023ರ ಜುಲೈನಲ್ಲಿ ಲೋಕಸಭೆಯಲ್ಲಿ ಹೇಳಿದ್ದರು.

ಮನೆ ವಶಕ್ಕೆ ಪಡೆಯಲು ಐರ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಕೋರ್ಟ್ ಆದೇಶ ಬೇಕು. ನಮ್ಮಲ್ಲಿ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮೊದಲೇ ಕೋರ್ಟಿಗೆ ಹೋಗಬೇಕಿಲ್ಲ. 90 ದಿನ ಬಾಕಿ ಮೀರಿ ಸಾಲ ಎನ್‌ಪಿಎ ಆದ ಮೇಲೆ 60 ದಿನಗಳ ನೋಟಿಸ್ ನೀಡಿ ಕ್ರಮ ಕೈಗೊಳ್ಳಬಹುದು. ಹಾಗಾಗಿ ಮುಂಬೈ, ಪುಣೆ, ಚೆನ್ನೈ, ಎಲ್ಲೇ ಇರಲಿ, ನೋಟಿಸ್ ಬಂದರೆ ಡ್ರಾಯರ್‌ನಲ್ಲಿಟ್ಟು ಮರೆಯಬೇಡಿ. ಲಿಖಿತ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ಅದನ್ನು ಒಪ್ಪದಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಕೊಡಬೇಕು. ಸ್ವಾಧೀನ ಕ್ರಮ ಕೈಗೊಂಡರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಬಡ್ಡಿ ದರ ಒಪ್ಪಂದದಂತೆಯೇ ಇದೆಯೇ ಎಂದು ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಐರ್ಲೆಂಡ್‌ನ ಸಾವಿರಾರು ಕುಟುಂಬಗಳ ವಿಷಯದಲ್ಲಿ ತಪ್ಪಿದ್ದದ್ದು ಅಲ್ಲಿಯೇ.