ಬಾಕಿಯ ಪಟ್ಟಿ

ಮನೆವಾರ್ತೆಯನ್ನು ನೆನಪಿನಲ್ಲಿಡುವುದಕ್ಕೆ ನನ್ನ ತಂದೆಯವರಿಗಿದ್ದ ಸಾಧನವೆಂದರೆ ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗ ಮತ್ತು ಅದರ ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲು. ನಮ್ಮ ಈಶ್ವರಮಂಗಲದ ಅಡಿಕೆ ತೋಟದವರಿಗೆ ವರ್ಷದ ಕೆಲಸಗಳಲ್ಲಿ ಎರಡಕ್ಕೆ ಮಾತ್ರ ಕ್ಷಮೆಯಿಲ್ಲ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಬಿಡಿಸಬೇಕು. ಮತ್ತೆ ೪೦–೪೫ ದಿನಗಳಲ್ಲಿ, ಮಳೆ ಬಿಟ್ಟ ದಿನವೊಂದನ್ನು ನೋಡಿ, ಎರಡನೆಯ ಮದ್ದು ಬಿಡಿಸಬೇಕು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಂದೆಯವರು ಪಂಚಾಂಗದ ಅಂಚಿನಲ್ಲಿ ‘ಮದ್ದು ೧’, ‘ಮದ್ದು ೨’ ಎಂದು ಗುರುತು ಹಾಕುತ್ತಿದ್ದರು. ಕೆಲಸವಾದ ಮೇಲೆ ಅದರ ಮೇಲೊಂದು ಅಡ್ಡಗೆರೆ. ಅಷ್ಟೆ.

ನಾನು ಅಧ್ಯಾಪಕನಾದವನು, ಸುಧಾರಿಸಿದವನು. ಎಲ್ಲವನ್ನೂ ಮೊಬೈಲಿನ ಒಂದು ಅಂದವಾದ ಆ್ಯಪಿಗೆ ಒಪ್ಪಿಸಿ ನಿಶ್ಚಿಂತನಾಗಿದ್ದೆ. ೨೦೧೮ರಲ್ಲಿ ಅದನ್ನು ನಡೆಸುತ್ತಿದ್ದವರು ಅಂಗಡಿ ಮುಚ್ಚಿದರು. ಮುಚ್ಚುವ ಸೂಚನೆಯನ್ನು ಮೊದಲೇ ಕಳುಹಿಸಿದ್ದರಂತೆ, ನಾನು ಓದಿರಲಿಲ್ಲ. ಆಟಿ ತಿಂಗಳಿನ ಒಂದು ಸಂಜೆ ಮನೆಯಾಕೆ, “ಎರಡನೆ ಮದ್ದಿಗೆ ಜನಕ್ಕೆ ಹೇಳಿದ್ದೀರಾ?” ಎಂದು ಕೇಳಿದಾಗ ಮೊಬೈಲನ್ನು ತೆರೆದೆ. ಆ್ಯಪಿನ ಚಿತ್ರವೇನೋ ಇದ್ದಿತು, ಒಳಗೆ ಏನೂ ಇರಲಿಲ್ಲ. ಆಮೇಲೆ ಮಳೆ ಬಿಡಲೂ ಇಲ್ಲ. ಆ ವರ್ಷ ಮರದ ಬುಡದಲ್ಲಿ ಉದುರಿ ಕೊಳೆತ ಎಳೆಯಡಿಕೆಯನ್ನು ಗುಡಿಸಿ ರಾಶಿ ಮಾಡುವುದೇ ಒಂದು ಕೆಲಸವಾಯಿತು.

ರಜೆಗೆ ಬಂದ ಮಗ ನನ್ನನ್ನು ಬಯ್ಯಲಿಲ್ಲ. “ಅಪ್ಪ, ಬರೀ ಅಕ್ಷರದಲ್ಲಿ ಬರೆದಿಡಿ; ಯಾರು ಅಂಗಡಿ ಮುಚ್ಚಿದರೂ ಅದು ಹೋಗುವುದಿಲ್ಲ” ಎಂದ. ಅವನು ಕಲಿಸಿದ್ದು ಆರ್ಗ್ ಮೋಡ್ ಎಂಬ ಕ್ರಮವನ್ನು. ಆಮ್‌ಸ್ಟರ್‌ಡಾಮಿನ ಖಗೋಳವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ತನ್ನ ಕೆಲಸಗಳ ಗೋಜಲನ್ನು ಬಿಡಿಸಿಕೊಳ್ಳುವುದಕ್ಕಾಗಿ ೨೦೦೩ರಲ್ಲಿ ಇದನ್ನು ಹುಟ್ಟುಹಾಕಿದನು. ಇದು ಈಮ್ಯಾಕ್ಸ್ ಎಂಬ ಹಳೆಯ ಬರವಣಿಗೆಯ ತಂತ್ರಾಂಶದೊಳಗೆ ನಡೆಯುತ್ತದೆ. ಸಾಲಿನ ಮೊದಲಿಗೆ ಒಂದು ನಕ್ಷತ್ರದ ಗುರುತಿಟ್ಟರೆ ಅದು ಕೆಲಸದ ತಲೆಬರಹ. ಎರಡಿಟ್ಟರೆ ಅದರ ಒಳಗಿನದು. (ಖಗೋಳಜ್ಞನಿಗೆ ನಕ್ಷತ್ರ ತಪ್ಪೀತೆ!) ಮುಂದೆ ಕೆಲಸದ ಸ್ಥಿತಿ, ಕೆಳಗೆ ತಾರೀಖು. ಸ್ಥಿತಿಯನ್ನು ಸೂಚಿಸುವ ಮಾತುಗಳನ್ನು ನಾವೇ ಆರಿಸಿಕೊಳ್ಳಬಹುದು. ನನ್ನವು ‘ಬಾಕಿ’, ‘ಆಯಿತು’. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಆ ಸಂಕೇತವನ್ನು ಸೇರಿಸಿದರೆ, ‘ಆಯಿತು’ ಎಂದೊಡನೆ ತಾರೀಖು ಮುಂದಿನ ವರ್ಷಕ್ಕೆ ಸರಿದು ಮತ್ತೆ ‘ಬಾಕಿ’ಯಾಗಿ ಕುಳಿತುಕೊಳ್ಳುತ್ತದೆ. ಎರಡನೆಯ ಮದ್ದನ್ನು ಮಾತ್ರ ನಾನು ಯಂತ್ರದ ಲೆಕ್ಕಕ್ಕೆ ಬಿಡುವುದಿಲ್ಲ. ಮೊದಲನೆಯದು ಮುಗಿದ ರಾತ್ರಿ ಬೆರಳು ಮಡಿಸಿ ಎಣಿಸಿ ಬರೆಯುತ್ತೇನೆ.

ಆದರೂ ‘ಬರೀ ಅಕ್ಷರ’ ಎಂದಾಗ ನನಗೊಂದು ಅಳುಕು ಇದ್ದಿತು. ೨೦೦೧ರಲ್ಲಿ ಕಂಪ್ಯೂಟರಿನಲ್ಲಿ ಬರೆದಿಟ್ಟ ನನ್ನ ಪಾಠದ ಟಿಪ್ಪಣಿಗಳನ್ನು ಈಗ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಆಗಿನ ಎಷ್ಟೋ ತಂತ್ರಾಂಶಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುವು. ಆ ಫಾಂಟು ಹೋಯಿತೆಂದರೆ ಕನ್ನಡವೂ ಹೋಯಿತು. ಯೂನಿಕೋಡಿನಲ್ಲಿ ಹಾಗಲ್ಲ, ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. ನನ್ನ ಕಡತವನ್ನು ಮನೆಯಾಕೆಯ ಮೊಬೈಲಿನಲ್ಲಿ ಈಮ್ಯಾಕ್ಸಿಲ್ಲದೆಯೂ ಓದಬಹುದು. ಆಕೆ ಓದುತ್ತಾಳೆ ಕೂಡ, ಅದೇ ತೊಂದರೆ.

ಪಟ್ಟಿಯನ್ನು ಒಪ್ಪ ಮಾಡುತ್ತ ಕುಳಿತು, ಪಟ್ಟಿಯಲ್ಲಿದ್ದ ಕೆಲಸವನ್ನೇ ಮರೆತ ಬೆಳಗುಗಳೂ ಉಂಟೆಂದು ಒಪ್ಪಿಕೊಳ್ಳುತ್ತೇನೆ.

ಈಗ ಹಿಡಿದಿರುವ ಕೆಲಸ, ತಂದೆಯವರ ಪಂಚಾಂಗಗಳ ಅಂಚಿನ ಬರಹವನ್ನು ಕಡತಕ್ಕೆ ನಕಲು ಮಾಡುವುದು. ಯಾವ ವರ್ಷ ಮಳೆ ಎಂದು ಹಿಡಿಯಿತು, ಮದ್ದು ಎಂದು ಬಿಟ್ಟರು ಎಂಬುದೆಲ್ಲ ಅಲ್ಲಿದೆ. ಹದಿನಾಲ್ಕು ವರ್ಷದವು ಮುಗಿದುವು. ೧೯೭೪ರ ಪಂಚಾಂಗದಲ್ಲಿ ‘ಮದ್ದು ೨’ ಎಂಬುದೊಂದು ಉಳಿದು, ತಾರೀಖನ್ನು ಗೆದ್ದಲು ತಿಂದಿದೆ. ಕಡತದಲ್ಲಿ ಆ ಸಾಲು ಇನ್ನೂ ‘ಬಾಕಿ’.