ಗಂಟಿದ್ದರೆ ಇರಲಿ, ಮಫಿನ್ ಮೆತ್ತಗಿರಲಿ

ಗೋಡಂಬಿ, ಅಕ್ರೋಟು ಹಾಕಿದ ಮಫಿನ್ ಮನೆಯಲ್ಲೇ ಮಾಡೋಣ ಬನ್ನಿ.

ಅಕ್ರೋಟಿನ ಎಣ್ಣೆ ಬೇಗ ಕೆಡುತ್ತದೆ, ಹಾಗಾಗಿ ಮೊದಲು ಒಂದು ಚೂರು ತಿಂದು ನೋಡಿ. ಕಮಟು ಬಂದಿದ್ದರೆ ಇಡೀ ಮಫಿನ್ ಹಾಳು! ಚೆನ್ನಾಗಿದ್ದರೆ ಎರಡೂ ಸೇರಿ 100 ಗ್ರಾಂ ತಗೊಂಡು, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಆರಿಸಿ, ಒರಟಾಗಿ ಕತ್ತರಿಸಿ. ಹುರಿಯೋದನ್ನು ದಯವಿಟ್ಟು ಬಿಡಬೇಡಿ, ರುಚಿ ಇರೋದೇ ಅಲ್ಲಿ.

250 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಎರಡೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಒಂದು ಬೋಗುಣಿಗೆ. 2 ಮೊಟ್ಟೆ, 200 ಮಿ.ಲೀ. ಹಾಲು, 100 ಮಿ.ಲೀ. ಎಣ್ಣೆ ಇನ್ನೊಂದಕ್ಕೆ.

ಈಗ ಗಮನ ಇಲ್ಲಿರಲಿ. ಹಾಲಿನ ಮಿಶ್ರಣವನ್ನು ಮೈದಾ ಮೇಲೆ ಸುರಿದು, ಸೌಟಿನಿಂದ ಮೆಲ್ಲಗೆ ಮಗುಚಿ. ಒಣ ಹಿಟ್ಟು ಕಾಣಿಸದಾದ ಕೂಡಲೇ ನಿಲ್ಲಿಸಿ. ಸಣ್ಣಪುಟ್ಟ ಗಂಟು ಉಳಿಯಿತಾ? ಉಳಿಯಲಿ. ಒದ್ದೆಯಾದ ಮೈದಾವನ್ನು ಕಲೆಸಿದಷ್ಟೂ ಗ್ಲುಟೆನ್ ಬಿಗಿಯಾಗುತ್ತದೆ. ಚಪಾತಿಗೆ ಆ ಜಿಗುಟು ಬೇಕು. ಮಫಿನ್ ಮಾತ್ರ ಅದರಿಂದ ರಬ್ಬರಿನಂತಾಗಿ, ಒಳಗೆ ಉದ್ದುದ್ದ ಸುರಂಗ ಬೀಳುತ್ತವೆ. ಬೀಜಗಳನ್ನೂ ಕೊನೆಯ ಎರಡು ಮಗುಚಿನಲ್ಲಿ ಸೇರಿಸಿ, ಒಂದು ಹಿಡಿ ಮೇಲೆ ಉದುರಿಸಲು ಇಟ್ಟುಕೊಳ್ಳಿ.

12 ಕಪ್‌ಗಳಿಗೆ ಮುಕ್ಕಾಲು ಭಾಗ ತುಂಬಿಸಿ. ತಡಮಾಡಬೇಡಿ, ಬೇಕಿಂಗ್ ಪೌಡರ್ ಆಗಲೇ ಗುಳ್ಳೆ ಬಿಡಲು ಶುರು ಮಾಡಿರುತ್ತದೆ. ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸುಮಾರು 20 ನಿಮಿಷ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು.

ಐದು ನಿಮಿಷ ಬಿಟ್ಟು ಟ್ರೇಯಿಂದ ತೆಗೆದು ಜಾಲರಿ ಮೇಲಿಡಿ. ಟ್ರೇಯಲ್ಲೇ ಬಿಟ್ಟರೆ ಹಬೆಗೆ ತಳ ಒದ್ದೆಯಾಗುತ್ತದೆ.